ಪರೀಕ್ಷೆಗೆ ಬಾರದ ಅರ್ಧ ಪಾಠ

ಕೋಲಸಿರ್ಸಿ
೮ ಅಕ್ಟೋಬರ್ ೨೦೨೩

ಪ್ರೀತಿಯ ಮನೋಹರ ಮಾವ,

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದರೆ ನೀನು ನಗುತ್ತೀಯ. ಪತ್ರ ಬರೆದರೆ ನೀನು ಸಿರ್ಸಿಯಲ್ಲಿ ನಕ್ಕದ್ದು ಇಲ್ಲಿಗೆ ಕೇಳುವುದಿಲ್ಲ. ಅಲ್ಲದೆ ಪೋಸ್ಟಿನವಳೇ ಪತ್ರ ಬರೆಯದಿದ್ದರೆ ಇನ್ನಾರು ಬರೆಯಬೇಕು?

ಶ್ರಾವಣದಲ್ಲಿ ನಾನು ಕಲ್ಲುಗುಂಡಿಯ ಸಂಕದಿಂದ ಬಿದ್ದೆ. ಕಲ್ಲುಗುಂಡಿ ನಾನು ಟಪಾಲು ಹಂಚುವ ಕೊನೆಯ ಕೇರಿ. ಹಳ್ಳದ ಆಚೆ ಹನ್ನೊಂದು ಮನೆ. ದಾಟಲು ಎರಡು ಅಡಿಕೆಮರ ಜೋಡಿಸಿ ಬಿಗಿದ ಕಾಲುಸಂಕ, ಹಿಡಿಯಲು ಒಂದು ಬದಿಗೆ ಬಿದಿರು. ಅಂದು ಬಿದಿರು ನನ್ನ ಕೈಗೆ ಬಂತು, ನಾನು ನೀರಿಗೆ ಹೋದೆ. ಚೀಲ ಮುಂದೆ, ನಾನು ಹಿಂದೆ. ಇಪ್ಪತ್ತು ಮಾರು ಕೆಳಗೆ ಒಂದು ಪೊದೆ ಇಬ್ಬರನ್ನೂ ಹಿಡಿದುಕೊಂಡಿತು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅದಕ್ಕೇ ಯಾರಿಗೂ ಹೇಳಲಿಲ್ಲ. ಯಲ್ಲಾಪುರದಲ್ಲಿ ಅಮ್ಮನಿಗಂತೂ ಇಲ್ಲವೇ ಇಲ್ಲ. ನೀನೂ ಹೇಳಬೇಡ.

ಮೊಣಕಾಲು ವಾರದಲ್ಲಿ ವಾಸಿಯಾಯಿತು. ಉಳಿದದ್ದು ಆಗಲಿಲ್ಲ. ಸಂಕದ ಮೇಲೆ ಕಾಲಿಡುವುದು ಹಾಗಿರಲಿ, ಹಳ್ಳದ ಸದ್ದು ಕೇಳುವ ತಿರುವಿನಲ್ಲೇ ಕೈ ಬೆವರುತ್ತದೆ, ಬಾಯಿ ಒಣಗುತ್ತದೆ. ಎರಡು ತಿಂಗಳಿಂದ ಸ್ಕೂಟಿಯ ಮೇಲೆ ಹನ್ನೆರಡು ಕಿಲೋಮೀಟರು ಸುತ್ತಿ, ಹಿಂದಿನ ಗುಡ್ಡ ಇಳಿದು ಆ ಕೇರಿ ಮುಟ್ಟುತ್ತೇನೆ. ಆ ಕೇರಿಯ ಬೀರ ನಿನ್ನೆ ಕೇಳಿಯೇಬಿಟ್ಟ: “ಅಲ್ಲ ಅಮ್ಮಾ, ಸಂಕ ಇಲ್ಲೇ ಇತ್ತಲ. ನೀವು ಎಂತಕ್ಕೆ ಲೋಕ ಸುತ್ತಿ ಬರೂದು?” ಗಾಡಿ ದಿನಾ ಓಡದಿದ್ದರೆ ಬ್ಯಾಟರಿ ಹೋಗುತ್ತದಂತೆ ಎಂದೆ.

ಹೀಗೇ ಆದರೆ ಕೆಲಸ ಬಿಡಬೇಕು, ಮಾವ. ಮಧ್ಯಾಹ್ನ ಮುಗಿಯುವ ಕೆಲಸ ದೀಪ ಹಚ್ಚುವ ಹೊತ್ತಿಗೆ ಮುಗಿಯುತ್ತಿದೆ. ಬಿಡಲು ನನಗೆ ಮನಸ್ಸಿಲ್ಲ. ನೀನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿದವನು. ಹೆದರಿಕೆಗೆ ಔಷಧವಿದ್ದರೆ ಬರೆ. ಗಾದೆ ಬೇಡ.

ಇಂತು ನಿನ್ನ ಸೊಸೆ,
ಭೂಮಿಕಾ


ಸಿರ್ಸಿ
೧೪ ಅಕ್ಟೋಬರ್ ೨೦೨೩

ಚಿ. ಭೂಮಿಕಾ,

ನಕ್ಕೆ. ಒಂದೇ ಸಲ, ಅದೂ ಬ್ಯಾಟರಿಗೆ. ಆಮೇಲೆ ‘ಚೀಲ ಮುಂದೆ, ನಾನು ಹಿಂದೆ’ ಎಂಬ ಸಾಲನ್ನು ಇನ್ನೊಮ್ಮೆ ಓದಿದೆ. ನಗು ಅಲ್ಲಿಗೇ ನಿಂತಿತು.

ಅಂಚೆಯವಳಿಗೆ ಅಂಜಿಕೆ, ಸಂಕದ ಮೇಲೆ ಶಂಕೆ. ಪ್ರಾಸವಿರುವ ರೋಗಕ್ಕೆ ಪಥ್ಯ ಸುಲಭ, ಹೆದರಬೇಡ. (ಹೆದರಬೇಡ ಎಂದು ಬರೆದವನಿಗೆ ಮೂವತ್ತೊಂದು ವರ್ಷ ಸಂಬಳ ಕೊಟ್ಟರಲ್ಲ ಎಂದು ನೀನೂ ನಗು.)

ನಿನ್ನ ಹೆದರಿಕೆ ಹುಟ್ಟುವಾಗ ತಂದದ್ದಲ್ಲ, ಕಲಿತದ್ದು. ಸಂಕ ಎಂದರೆ ಬೀಳುವುದು ಎಂದು ನಿನ್ನ ಮೈ ಒಂದೇ ಪಾಠಕ್ಕೆ ಕಲಿತುಬಿಟ್ಟಿದೆ. ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಚುರುಕಿನವರು ಒಬ್ಬರೂ ಇರಲಿಲ್ಲ. ಈಗ ಅದೇ ಮೈಗೆ ‘ಸಂಕ ಇದೆ, ಬೀಳಲಿಲ್ಲ’ ಎಂದು ಮತ್ತೆ ಮತ್ತೆ ತೋರಿಸಬೇಕು. ನೀನು ಸುತ್ತು ಬಳಸಿದಾಗಲೆಲ್ಲ ಹೆದರಿಕೆ ‘ನೋಡು, ನಾನಿದ್ದದ್ದಕ್ಕೆ ಬದುಕಿದೆ’ ಎಂದು ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತದೆ. ಅದಕ್ಕೆ ಆ ಅವಕಾಶ ಕೊಡಬೇಡ.

ಮೊದಲು ತಿರುವಿನಲ್ಲಿ ನಿಲ್ಲು. ಹೆದರಿಕೆಗೆ ನೂರಕ್ಕೆ ಎಷ್ಟು ಅಂಕ ಎಂದು ಬರೆದುಕೋ. ಅದು ತಾನಾಗಿ ಅರ್ಧಕ್ಕೆ ಇಳಿಯುವವರೆಗೆ ಕದಲಬೇಡ. ಆಮೇಲೆ ದಡ, ಆಮೇಲೆ ಒಂದು ಹೆಜ್ಜೆ, ಆಮೇಲೆ ನಡು. ಏರಿದ ಹೊತ್ತಿನಲ್ಲಿ ಮಾತ್ರ ತಿರುಗಿ ಓಡಬಾರದು; ಓಡಿದರೆ ಗೆದ್ದದ್ದು ಅದು.

ನಿನ್ನ ಅಮ್ಮ ಜಯಾ ನಿನ್ನೆ ಫೋನು ಮಾಡಿದ್ದಳು. ಭೂಮಿಕಾ ನೆರಳಲ್ಲಿ ಕುಳಿತು ಸೀಲು ಹೊಡೆಯುತ್ತಾಳೆ ಎಂದು ರೈಲು ಬಿಟ್ಟಿದ್ದೇನೆ. ಅದನ್ನು ನಿಲ್ದಾಣಕ್ಕೆ ತರುವ ಹೊಣೆ ನಿನ್ನದು.

ನಿನ್ನ ಮಾವ,
ಮನೋಹರ


ಕೋಲಸಿರ್ಸಿ
೧೯ ನವೆಂಬರ್ ೨೦೨೩

ಮಾವ,

ಅಂಕಪಟ್ಟಿ ಇಟ್ಟಿದ್ದೇನೆ. ತಿರುವಿನಲ್ಲಿ ನಿಂತ ಮೊದಲ ದಿನ ಎಂಬತ್ತೈದು. ಇಪ್ಪತ್ತು ನಿಮಿಷ ಮರದ ಹಾಗೆ ನಿಂತಿದ್ದೆ. ಬೀರ ಗದ್ದೆಯಿಂದ ಬಂದವನು “ಇಲ್ಲಿ ಬಸ್ಸು ಬರೂದಿಲ್ಲ ಅಮ್ಮಾ” ಎಂದ. ಒಂಬತ್ತನೆಯ ದಿನ ಅವನಿಗೆ ನಿಜ ಹೇಳಿದೆ. ನಗಲಿಲ್ಲ.

“ಅಯ್ಯ, ಅದಕ್ಕೆಂತ ನಾಚ್ಕೆ! ನಾ ಆಚೆ ದಡದಲ್ಲಿ ನಿಂತ್ಕತ್ತೆ. ಕೆಳಗೆ ನೋಡ್ಬೇಡಿ, ನನ್ನ ಮುಂಡಾಸು ನೋಡ್ತಾ ಬನ್ನಿ.”

ಅವನ ಮುಂಡಾಸು ಕೆಂಪು ಚೌಕದ ಟವೆಲು. ಅದನ್ನೇ ನೋಡುತ್ತ ಒಂದು ಹೆಜ್ಜೆ, ನಾಲ್ಕು ಹೆಜ್ಜೆ, ನಡು. ನಡುವಿನಲ್ಲಿ ಅರವತ್ತು ಇತ್ತು. ಇಳಿಯುವವರೆಗೆ ಅಲ್ಲೇ ನಿಂತೆ, ಅವನೂ ಅಲ್ಲಿ ನಿಂತ. ದೀಪಾವಳಿಯ ಮರುದಿನ ಪೂರ್ತಿ ದಾಟಿದೆ. ನನ್ನ ಹಿಂದೆ ಆ ಕೇರಿಯ ದುರ್ಗಮ್ಮ ಮನೆಗೆ ಮರಳಲು ಕಾಯುತ್ತಿದ್ದಳು. ಅವಳಿಗೆ ಎಪ್ಪತ್ತರ ಹತ್ತಿರ. ತಲೆಯ ಮೇಲೆ ಸೊಪ್ಪಿನ ಬುಟ್ಟಿ, ಬಿದಿರಿಗೆ ಕೈ ಸೋಕಿಸುವುದೂ ಇಲ್ಲ. ಐವತ್ತು ವರ್ಷದಿಂದ ವಾರವಾರ ಸೊಪ್ಪು ಮಾರಲು ಸಂತೆಗೆ ಹೀಗೇ ಹೋಗಿ ಬರುತ್ತಾಳೆ.

“ಪೋಸ್ಟಮ್ಮಾ, ಹಿಂಗೆ ಇರುವೆ ಹೋದಂಗೆ ಹೋದ್ರೆ, ನೀವು ಆಚೆ ಮುಟ್ಟೂದ್ರೊಳಗೆ ಕಾಗದ ಹಳೇದಾಗ್ತದೆ!”

ನಡು ಸಂಕದಲ್ಲಿ ನಕ್ಕೆ, ಮಾವ. ಈಗ ಇಪ್ಪತ್ತು.

ಭೂಮಿಕಾ


ಸಿರ್ಸಿ
೨೫ ನವೆಂಬರ್ ೨೦೨೩

ಚಿ. ಭೂಮಿಕಾ,

ನಿನ್ನ ಅಂಕಪಟ್ಟಿಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಅಂಕ ಇಳಿದಷ್ಟೂ ಹಿಗ್ಗುವ ಮೇಷ್ಟರು ಈ ಜಿಲ್ಲೆಯಲ್ಲಿ ನಾನೊಬ್ಬನೇ. ಬೆಳಗಿನ ವಾಕಿಂಗಿನ ಗೆಳೆಯರಿಗೆಲ್ಲ ತೋರಿಸಿಯಾಯಿತು. ಒಬ್ಬರು ತಮ್ಮ ಹಲ್ಲಿಯ ಹೆದರಿಕೆಗೆ ಔಷಧ ಕೇಳಿದರು. ಹಲ್ಲಿಗೆ ಹಲ್ಲಿಲ್ಲ ಎಂದು ಕಳಿಸಿದೆ.

ಬೀರನಿಗೆ ನನ್ನ ನಮಸ್ಕಾರ. ಮೂವತ್ತೊಂದು ವರ್ಷ ನಮ್ಮ ಪ್ರಯೋಗಾಲಯಕ್ಕೆ ಸಿಗದ ಉಪಕರಣ ಅವನ ತಲೆಯ ಮೇಲಿತ್ತು. ಅವನು ಅಲ್ಲೇ ನಿಂತಿರಲಿ.

ಮನೋಹರ


ಕೋಲಸಿರ್ಸಿ
೩೦ ಡಿಸೆಂಬರ್ ೨೦೨೩

ಮಾವ,

ಐದು. ಕಾರ್ಡಿನಲ್ಲಿ ಇಷ್ಟೇ ಹಿಡಿಸುತ್ತದೆ. ಹಳ್ಳ ಇಳಿಯುತ್ತಿದೆ, ಇನ್ನೊಂದು ತಿಂಗಳಿಗೆ ಸಂಕ ಬೇಡ, ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟೇ ದಾಟಬಹುದು. ಹೆದರಿಕೆಯ ವಿಷಯ ಮುಗಿಯಿತು.

ಭೂಮಿಕಾ


ಕೋಲಸಿರ್ಸಿ
೨೦ ಜೂನ್ ೨೦೨೪

ಮಾವ,

ಆರು ತಿಂಗಳು ಬರೆಯಲಿಲ್ಲ. ಬರೆಯಲು ಕಾರಣವಿರಲಿಲ್ಲ. ಈಗ ಇದೆ.

ಕಲ್ಲುಗುಂಡಿಯಲ್ಲಿ ಮಳೆ ಹಿಡಿಯುವ ಮೊದಲು ಮನೆಗೊಬ್ಬರಂತೆ ಸೇರಿ ಪ್ರತಿವರ್ಷ ಹೊಸ ಸಂಕ ಹಾಕುತ್ತಾರೆ. ಹಳೆಯ ಮರಗಳನ್ನು ಯಾರೂ ಎತ್ತಿ ಬಿಸಾಡುವುದಿಲ್ಲ; ಅವು ಪಾಚಿಗಟ್ಟಿ ಅಲ್ಲೇ ಬಿದ್ದಿರುತ್ತವೆ, ಹೊಸದು ಸ್ವಲ್ಪ ಸರಿದು ಬರುತ್ತದೆ. ಈ ಸಲದ್ದು ನಾಲ್ಕು ಮಾರು ಮೇಲಕ್ಕೆ ಸರಿದಿದೆ. ಹಿಡಿಯುವ ಬಿದಿರು ಹೋದ ವರ್ಷ ಬಲಗೈಗಿತ್ತು, ಈಗ ಎಡಗೈಗೆ. ಬೀರ ಊರಲ್ಲಿಲ್ಲ. ಅಳಿಯ ಕಾಲು ಮುರಿದುಕೊಂಡನೆಂದು ಎಕ್ಕಂಬಿಯ ಮಗಳ ಮನೆಗೆ ಗದ್ದೆ ಕೆಲಸಕ್ಕೆ ಹೋಗಿದ್ದಾನೆ, ಈ ಮಳೆಗಾಲ ಅಲ್ಲೇ.

ಸೋಮವಾರ ಚೀಲ ಹಾಕಿಕೊಂಡು ಹಾಡು ಗುನುಗುತ್ತ ದಡಕ್ಕೆ ಬಂದೆ. ಮೊದಲ ಹೆಜ್ಜೆಗೆ ತೊಂಬತ್ತೈದು. ಹೋದ ವರ್ಷ ಶುರುವಾದದ್ದೇ ಎಂಬತ್ತೈದಕ್ಕೆ! ಆಚೆ ದಡ ಖಾಲಿಯಿತ್ತು. ಕಿವಿಯಲ್ಲಿ ಹಳ್ಳ, ಎದೆಯಲ್ಲಿ ಹಳ್ಳ. ನೀನು ಮಾಡಬೇಡ ಎಂದದ್ದನ್ನೇ ಮಾಡಿದೆ: ತಿರುಗಿ ಓಡಿದೆ.

ಗುಡ್ಡದ ದಾರಿ ಮಣ್ಣು ಕುಸಿದು ಮುಚ್ಚಿದೆ. ಅದಕ್ಕೆ ಈಚೆ ದಡದ ನೇರಳೆ ಮರಕ್ಕೆ ಬಿಸ್ಕತ್ತಿನ ಡಬ್ಬ ಕಟ್ಟಿ ಟಪಾಲು ಅದರಲ್ಲಿಡುತ್ತಿದ್ದೇನೆ. ಹೀಗೆ ಮಾಡುವಂತಿಲ್ಲ, ಗೊತ್ತು. ಅವರೇ ದಾಟಿ ಬಂದು ಒಯ್ಯುತ್ತಾರೆ. ಯಾರೂ ದೂರು ಹೇಳಿಲ್ಲ. “ಪಾಪ, ಹುಡುಗಿ” ಎನ್ನುತ್ತಾರೆ. ದೂರು ಹೇಳಿದ್ದರೆ ವಾಸಿಯಿತ್ತು.

ನಿನ್ನ ಔಷಧ ಸುಳ್ಳೋ, ನಾನು ಸುಳ್ಳೋ?

ಭೂಮಿಕಾ


ಸಿರ್ಸಿ
೨೭ ಜೂನ್ ೨೦೨೪

ಚಿ. ಭೂಮಿಕಾ,

ಬೀರನನ್ನು ಎಕ್ಕಂಬಿಯಿಂದ ಎರಡು ದಿನಕ್ಕಾದರೂ ಕರೆಸಲಾಗದೇ? ಅವನು ಬರದಿದ್ದರೆ ಮುಂಡಾಸನ್ನು ಪಾರ್ಸೆಲ್ ಮಾಡಲಿ. ಹೇಗೂ ಬಟವಾಡೆ ನಿನ್ನದೇ. ಇಲ್ಲಿ ಮಳೆ ಜೋರು. ನಾನು ಯೋಚಿಸಿ ಬರೆಯುತ್ತೇನೆ.

ಮನೋಹರ


ಸಿರ್ಸಿ
೩೦ ಜೂನ್ ೨೦೨೪

ಭೂಮಿಕಾ,

ಹಿಂದಿನ ಪತ್ರ ಹರಿದು ಹಾಕು. ಅದು ಹೆದರಿದವನು ಬರೆದ ಹಾಸ್ಯ.

ನಿನ್ನೆ ಅಟ್ಟದಿಂದ ನನ್ನ ಪಾಠದ ಟಿಪ್ಪಣಿ ಇಳಿಸಿದೆ. ಕಲಿತ ಹೆದರಿಕೆಯನ್ನು ಕಳೆಯುವ ಅಧ್ಯಾಯ ಹದಿನಾಲ್ಕು ಪುಟ. ಎಂಟನೆಯ ಪುಟದ ಕೆಳಗೆ ನನ್ನದೇ ಕೈಬರಹ, ಕೆಂಪು ಶಾಯಿ: ‘ಇಲ್ಲಿಂದ ಮುಂದೆ ಪರೀಕ್ಷೆಗೆ ಬರುವುದಿಲ್ಲ.’ ಮೂವತ್ತೊಂದು ವರ್ಷ ಅಲ್ಲಿಗೇ ಪುಸ್ತಕ ಮುಚ್ಚಿದ್ದೇನೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಬಿಟ್ಟ ಆ ಆರು ಪುಟಗಳ ತಲೆಬರಹ ಏನು ಗೊತ್ತೇ? ‘ಕಳೆದ ಹೆದರಿಕೆ ಮರಳುವುದೇಕೆ.’

ಅರ್ಧ ಪಾಠ ಹೇಳಿ ನಿನ್ನನ್ನು ಪೂರಾ ಹಳ್ಳಕ್ಕೆ ಕಳಿಸಿದೆ. ಉಳಿದರ್ಧ ಈಗ ಕೇಳು.

ಹೆದರಿಕೆ ಅಳಿಸಿಹೋಗುವುದಿಲ್ಲ. ಹಳೆಯ ಪಾಠ ಒಳಗೇ ಇರುತ್ತದೆ. ಪಕ್ಕದಲ್ಲಿ ಧೈರ್ಯದ ಹೊಸ ಪಾಠ ಬಂದು ಕೂರುತ್ತದೆ, ಅಷ್ಟೇ. ಎರಡಕ್ಕೂ ಗುಣ ಬೇರೆ. ಹೆದರಿಕೆ ಎಲ್ಲಿಗೆ ವರ್ಗ ಮಾಡಿದರೂ ಮರುದಿನವೇ ಹಾಜರಾಗುವ ನೌಕರ. ಧೈರ್ಯ ಮಾತ್ರ ‘ನನಗೆ ಸ್ವಂತ ಊರೇ ಬೇಕು, ಅದೇ ಕುರ್ಚಿ ಬೇಕು’ ಎನ್ನುವವನು. ಕಲಿತ ಜಾಗ, ಕಲಿತ ಕಾಲ, ಕಲಿತ ಜೊತೆ ತಪ್ಪಿದರೆ ರಜೆ ಚೀಟಿ ಬರೆದು ಹೋಗುತ್ತಾನೆ. ಸುಮ್ಮನೆ ಆರು ತಿಂಗಳು ಕಳೆದರೂ ಸಾಕು.

ನೀನು ಹೋದ ವರ್ಷ ಕಲಿತದ್ದು ‘ಸಂಕ ದಾಟಬಹುದು’ ಎಂದಲ್ಲ. ‘ಕಾರ್ತಿಕದಲ್ಲಿ, ಬಲಗೈಗೆ ಬಿದಿರಿದ್ದರೆ, ಎದುರಿಗೆ ಬೀರ ನಿಂತಿದ್ದರೆ, ಆ ಎರಡು ಮರಗಳ ಮೇಲೆ ದಾಟಬಹುದು’ ಎಂದು. ಬೀಳದೆ ಉಳಿದ ಕೀರ್ತಿಯೆಲ್ಲ ಮುಂಡಾಸಿಗೆ ಹೋಯಿತು, ನಿನ್ನ ಕಾಲಿಗೆ ಬರಲೇ ಇಲ್ಲ. ಅವನು ಅಲ್ಲೇ ನಿಂತಿರಲಿ ಎಂದು ಬರೆದವನು ನಾನು.

ಹಾಗಾಗಿ ಈ ಸಲ ಒಬ್ಬಳೇ ದಾಟು. ಬೇರೆ ಬೇರೆ ಸಂಕ ದಾಟು, ಯಲ್ಲಾಪುರದ ಮನೆ ಹಿಂದಿನದೂ ಆಗಲಿ. ಬಿಸಿಲಲ್ಲಿ, ಸೋನೆಯಲ್ಲಿ, ಚೀಲ ಹೊತ್ತು, ಚೀಲವಿಲ್ಲದೆ. ಅಂಕ ಇಳಿಯಲೆಂದು ಕಾಯಬೇಡ. ಏನಾಗುತ್ತದೆಂದು ಮನಸ್ಸು ಹೆದರಿಸುತ್ತದೋ ಅದನ್ನು ಗಟ್ಟಿಯಾಗಿ ಹೇಳಿಕೋ, ದಾಟು, ಆಯಿತೇ ಎಂದು ನೋಡು. ಮತ್ತೆ ಮರಳಿದರೆ ಸೋತೆ ಎಂದುಕೊಳ್ಳಬೇಡ. ಮರಳುವುದು ಅದರ ಸ್ವಭಾವ. ಹಳ್ಳ ಉಕ್ಕಿ ಮರ ಮುಟ್ಟಿದ ದಿನ ಮಾತ್ರ ಯಾರೂ ದಾಟಬಾರದು. ಅದು ಹೆದರಿಕೆಯಲ್ಲ, ಬುದ್ಧಿ.

ಆ ಡಬ್ಬ ಬಿಚ್ಚು. ಮತ್ತೆ, ನಾನು ಅಲ್ಲಿಗೆ ಬರುವುದಿಲ್ಲ. ಬಂದರೆ ಇನ್ನೊಂದು ಮುಂಡಾಸು.

ಮನೋಹರ


ಕೋಲಸಿರ್ಸಿ
೧೪ ಜುಲೈ ೨೦೨೪

ಮಾವ,

ಹೋದ ಭಾನುವಾರ ಯಲ್ಲಾಪುರಕ್ಕೆ ಹೋಗಿ ಮನೆ ಹಿಂದಿನ ಸಂಕ ಮೂರು ಸಲ ದಾಟಿದೆ. ಅಮ್ಮ ಬಟ್ಟೆ ಒಗೆಯುತ್ತಿದ್ದಳು.

“ಎಂತಾ ಕೂಸೇ, ಆಚೆ ಎಂತ ಇದ್ದು?”

“ಎಂತದೂ ಇಲ್ಲೆ.”

“ಹಂಗಾರೆ ಎಂತಕ್ಕೆ ಮೂರು ಸಲ ಹೋಗಿ ನೋಡಿದೆ?”

ನಲವತ್ತಿತ್ತು. ಆ ಧೈರ್ಯದಲ್ಲಿ ಬಂದೆ. ಆದರೆ ಕಲ್ಲುಗುಂಡಿಯ ದಡದಲ್ಲಿ ಮತ್ತೆ ತೊಂಬತ್ತು. ನಾಳೆ ನೋಡೋಣ ಎಂದು ಡಬ್ಬವನ್ನು ಹಾಗೇ ಬಿಟ್ಟೆ. ಎರಡು ಸಲ ನಾಳೆ ಎಂದೆ.

ಬುಧವಾರ ದುರ್ಗಮ್ಮನಿಗೆ ರಿಜಿಸ್ಟರ್ ಕಾಗದ ಬಂತು. ಅದನ್ನು ಡಬ್ಬದಲ್ಲಿ ಇಡುವಂತಿಲ್ಲ, ಅವಳೇ ಹೆಬ್ಬೆಟ್ಟು ಒತ್ತಬೇಕು. ಬರಲು ಹೇಳಿಕಳಿಸಿದೆ. ಸೋನೆ ಇತ್ತು, ನೀರು ಮರಕ್ಕಿಂತ ಒಂದಾಳು ಕೆಳಗೆ. ಅವಳು ಕೊಡೆ ಬಿಚ್ಚಿಕೊಂಡು ಯಾವಾಗಿನಂತೆ ನಡೆದು ಬಂದಳು. ನಡುವಿನಲ್ಲಿ ಕೊಡೆಯ ಕೈ ಬದಲಿಸಲು ಕ್ಷಣ ನಿಂತಳು. ಅಷ್ಟೇ ಆದದ್ದು. ನನಗೆ ಅವಳು ಜಾರಿದಂತೆ ಕಂಡಿತು. “ಅಯ್ಯೋ ದುರ್ಗಮ್ಮಾ!” ಎಂದು ಕಿರುಚಿದೆ.

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಆಮೇಲೆ ನೀರು ನೋಡಿದಳು. ಐವತ್ತು ವರ್ಷದಲ್ಲಿ ಅದೇ ಮೊದಲಿರಬೇಕು. ಕೊಡೆ ಹಳ್ಳಕ್ಕೆ ಹೋಯಿತು. ಬಿದಿರನ್ನು ತಬ್ಬಿ ಅಲ್ಲೇ ಕುಕ್ಕರಿಸಿದಳು.

“ಪೋಸ್ಟಮ್ಮಾ, ಇದೆಂತ ಇಷ್ಟು ನೀರು!”

ಕೂಗಿದರೆ ಕೇಳುವವರಿಲ್ಲ, ಎಲ್ಲರೂ ದೂರದ ಗದ್ದೆಯಲ್ಲಿ ನಾಟಿಗೆ. ಏನಾಗುತ್ತದೆಂದು ಗಟ್ಟಿಯಾಗಿ ಹೇಳಿಕೋ ಎಂದಿದ್ದೆಯಲ್ಲ? ಹೇಳಿಕೊಂಡೆ: ‘ಇಬ್ಬರೂ ಬೀಳುತ್ತೇವೆ.’ ಹೋದೆ. ವೀರೆಯಂತೆ ಅಲ್ಲ, ಮಾವ. ಮರದ ಎರಡೂ ಬದಿಗೆ ಕಾಲು ಇಳಿಬಿಟ್ಟು, ಅಂಡಿನ ಮೇಲೆ ತೆವಳುತ್ತ ಹೋದೆ. ಮುಟ್ಟಿದ ಮೇಲೆ ಇಬ್ಬರೂ ಎದುರುಬದುರು ಕುಳಿತೆವು.

“ಈಗ ಎಂತಾ ಮಾಡೂದು?” ಎಂದೆ.

“ನೀವು ಓದಿದವ್ರು, ನೀವೇ ಹೇಳಿ. ಕಾಗದ ತಂದಿದ್ರೆ ಹೆಬ್ಬೆಟ್ಟಾದ್ರೂ ಇಲ್ಲೇ ಒತ್ತಿಬಿಡ್ತೆ, ಆಮೇಲೆ ಎಂತಾರೂ ಆಗ್ಲಿ.”

ಗೇಣು ಗೇಣಾಗಿ ಅವಳ ಮನೆಯ ದಡಕ್ಕೇ ಇಬ್ಬರೂ ತೆವಳಿದೆವು. ಅವಳನ್ನು ಜಗುಲಿಗೆ ಮುಟ್ಟಿಸಿ ಒಬ್ಬಳೇ ಹಿಂದೆ ಬಂದೆ, ನಿಂತು, ನಡೆದು. ತೊಂಬತ್ತು ಕೊನೆಯವರೆಗೂ ತೊಂಬತ್ತೇ ಇತ್ತು. ಡಬ್ಬ ಬಿಚ್ಚಿದೆ. ಮರುದಿನ ಅವಳ ಕಾಗದ ಒಯ್ದು ಜಗುಲಿಯಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅಂದಿನಿಂದ ದಿನಾ ದಾಟುತ್ತಿದ್ದೇನೆ.

ದುರ್ಗಮ್ಮ ದಾಟುತ್ತಿಲ್ಲ. ಸೊಪ್ಪಿನ ಬುಟ್ಟಿ ಬಾಗಿಲಲ್ಲಿದೆ. ಈ ವಾರ ಸಂತೆಗೆ ಹೋಗಲಿಲ್ಲ. ಸೊಸೆ ಬಂದಾಗಲೂ, ಮದುವೆ-ಸಾವು ಆದಾಗಲೂ ತಪ್ಪಿಸದವಳು. “ಕಾಲು ಬತ್ತಿಲ್ಲ” ಎನ್ನುತ್ತಾಳೆ. ನನಗೆ ಬಿದ್ದು ಬಂದ ಹೆದರಿಕೆ ಅವಳಿಗೆ ನನ್ನ ಮುಖ ನೋಡಿಯೇ ಬಂತು. ಬೇರೆಲ್ಲ ಟಪಾಲನ್ನು ಡಬ್ಬದಲ್ಲಿಟ್ಟವಳು ಈ ಹೆದರಿಕೆಯೊಂದನ್ನು ಕೈಯಾರೆ ಮುಟ್ಟಿಸಿದೆ.

ಇದಕ್ಕೆ ನಿನ್ನ ಆರು ಪುಟಗಳಲ್ಲಿ ಏನಿದೆ, ಬೇಗ ಬರೆ.

ಭೂಮಿಕಾ

ಸಿದ್ದಾಪುರ ಬಸ್‌ಸ್ಟ್ಯಾಂಡಿನ ಚಾದಂಗಡಿಯವರು ಹೇಳಿದರು: ಐದನೇ ತಾರೀಕು ಸಿರ್ಸಿಯಿಂದ ಕನ್ನಡಕದವರೊಬ್ಬರು ಬಂದು, ಕೋಲಸಿರ್ಸಿ ಬಸ್ಸು ಎಷ್ಟೊತ್ತಿಗೆ ಎಂದು ಎರಡು ಸಲ ಕೇಳಿ, ಮೂರು ಚಾ ಕುಡಿದು, ಸಿರ್ಸಿ ಬಸ್ಸನ್ನೇ ಹತ್ತಿ ವಾಪಸ್ಸಾದರಂತೆ. ನಿನ್ನ ಹಾಗೆ ಕಾಣುವವರು ಅಲ್ಲಿ ಯಾರಾದರೂ ಇದ್ದಾರೆಯೇ?


ಸಿರ್ಸಿ
೧೮ ಜುಲೈ ೨೦೨೪

ಭೂಮಿಕಾ,

ಸಿರ್ಸಿಯಲ್ಲಿ ಕನ್ನಡಕದವರು ಬಹಳ.

ಇನ್ನೊಬ್ಬರ ಮುಖ ನೋಡಿ ಹೆದರಿಕೆ ಕಲಿಯುವ ವಿಷಯಕ್ಕೂ ಒಂದು ಪುಟವಿದೆ. ಆದರೆ ನನಗೀಗ ಪುಟಗಳ ಮೇಲೆ ಮೊದಲಿನ ಗರ್ವವಿಲ್ಲ. ಊಹೆ ಎಂದೇ ಓದು. ಮುಖ ನೋಡಿ ಕಲಿತವಳು ಮುಖ ನೋಡಿಯೇ ಬೇರೊಂದನ್ನೂ ಕಲಿಯಬಹುದು. ಅವಳಿಗೆ ಕಾಣುವಂತೆ ದಿನಾ ದಾಟು. ಧೈರ್ಯದ ಮುಖ ಹಾಕಿಕೊಳ್ಳಬೇಡ, ಆ ವಯಸ್ಸಿನವರಿಗೆ ಸುಳ್ಳು ತಿಳಿಯುತ್ತದೆ. ಹೆದರಿದ ಮುಖದಲ್ಲೇ ದಾಟು. ಕರೆಯಬೇಡ, ಕೈ ಹಿಡಿಯಬೇಡ.

ಜಯಾಗೆ ಎಲ್ಲ ಹೇಳಿದೆ. ಬೈದಳು. ನಿನ್ನ ಸರದಿ ಇನ್ನೂ ಬಂದಿಲ್ಲ, ನನ್ನದೇ ನಡೆದಿದೆ.

ದಾಟಿದ ದಿನ ಒಂದು ಸಾಲು ಬರೆ. ಬರೀ ‘ದಾಟಿದೆ’ ಎಂದರೂ ಸಾಕು. ಸಾಕು ಎನ್ನುವುದು ಸುಳ್ಳು, ದಿನಾ ಬರೆ.

ಮನೋಹರ


ಕೋಲಸಿರ್ಸಿ
೨೫ ಅಕ್ಟೋಬರ್ ೨೦೨೪

ಮಾವ,

ಕಾರ್ಡುಗಳು ಮುಟ್ಟಿವೆ ಎಂದುಕೊಂಡಿದ್ದೇನೆ. ಚೌತಿಗೆ ಐದು ದಿನ ರಜೆ ಮುಗಿಸಿ ಬಂದಾಗ ಮತ್ತೆ ಎಪ್ಪತ್ತಿತ್ತು. ಎಪ್ಪತ್ತನ್ನು ಜೊತೆಗೇ ಕರೆದುಕೊಂಡು ದಾಟಿದೆ. ವಾರದಲ್ಲಿ ಮೂವತ್ತಾಯಿತು, ಒಂದು ದಿನ ಕಾಲು ಜಾರಿದ್ದಕ್ಕೆ ಮತ್ತೆ ಅರವತ್ತು. ಈಗ ಬರೆದುಕೊಳ್ಳುವುದು ಬಿಟ್ಟಿದ್ದೇನೆ.

ದುರ್ಗಮ್ಮ ಸೆಪ್ಟೆಂಬರಿನಲ್ಲಿ ಜಗುಲಿಯಿಂದ ಅಂಗಳಕ್ಕೆ ಬಂದಳು, ಅಂಗಳದಿಂದ ದಡಕ್ಕೆ. ಕುಳಿತು ನಾನು ದಾಟುವುದನ್ನು ನೋಡುತ್ತಿದ್ದಳು. “ಪೋಸ್ಟಮ್ಮಾ, ನಿಮ್ಮ ಮುಖ ನೋಡಿದ್ರೆ ನಂಗೆ ಅಳು ಬತ್ತದೆ” ಎಂದಳು ಒಂದು ದಿನ. “ನನಗೂ” ಎಂದೆ. ಇಬ್ಬರೂ ನಕ್ಕೆವು. ಅವಳು ಎದ್ದು ಒಂದು ಕಾಲನ್ನು ಮರದ ಮೇಲಿಟ್ಟು ತೆಗೆದಳು. ಮರುದಿನ ಬರಲೇ ಇಲ್ಲ. ನಾಲ್ಕು ದಿನ ಬರಲಿಲ್ಲ.

ಇವತ್ತು ನಾನು ಬಟವಾಡೆ ಮುಗಿಸಿ ಹೊರಟಾಗ ಬುಟ್ಟಿ ಹೊತ್ತು ದಡದಲ್ಲಿ ನಿಂತಿದ್ದಳು. ಹಳ್ಳದಲ್ಲಿ ನೀರು ಈಗ ಮೊಣಕಾಲುದ್ದ. ಇಳಿದೇ ದಾಟಬಹುದು, ಅವಳಿಗೂ ಗೊತ್ತು. ಇಳಿಯಲಿಲ್ಲ. “ನೀವು ಹೋಗಿ” ಎಂದಳು. ನಾನು ದಾಟಿದೆ. ಈಚೆ ಬಂದು ನಿಲ್ಲಬೇಕೆನಿಸಿತು. ಕಾಲು ನಿಂತೂಬಿಟ್ಟಿತು.

“ತಿರುಗ್ಬೇಡಿ ಪೋಸ್ಟಮ್ಮಾ! ನೀವು ನೋಡಿದ್ರೆ ನಾ ಕೂತ್ಬಿಡ್ತೆ!”

ದನಿ ಬಂದದ್ದು ದಡದಿಂದಲ್ಲ, ಮರದ ಮೇಲಿಂದ. ನಾನು ಏರು ಹತ್ತಿ ಸ್ಕೂಟಿಯವರೆಗೆ ನಡೆದೆ. ಹಿಂದೆ ಮರ ಕಿರ್ರೆಂದಿತು, ನಿಂತಿತು. ಬಹಳ ಹೊತ್ತು ಹಳ್ಳದ್ದು ಮಾತ್ರ ಸದ್ದು. ಕಿರುಚು ಗಂಟಲಿಗೇ ಬಂದಿತ್ತು, ಮಾವ. ಹಲ್ಲು ಕಚ್ಚಿ ಹಿಡಿದೆ. ಕೀಲಿಕೈ ಎರಡು ಸಲ ಕೆಳಗೆ ಬಿತ್ತು. ಅವಳು ಬಿದ್ದರೂ ಸೊಪ್ಪು ನೆನೆದೀತು, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಲಿಲ್ಲ.

ಸೀಟಿನ ಮೇಲೆ ಬುಟ್ಟಿ ಕುಕ್ಕಿದ ಸದ್ದಿಗೆ ತಿರುಗಿದೆ. ಅವಳ ಸೀರೆಯ ಅಂಚು ಒಣಗಿಯೇ ಇತ್ತು.

“ಸಂತೆಗೆ ಬಿಡ್ತ್ರಾ?”

ಬುಟ್ಟಿ ಕಾಲ ಹತ್ತಿರ, ಅವಳು ಹಿಂದೆ. ಕೋಲಸಿರ್ಸಿ ದಾಟಿದೆವು. ಆಮೇಲೆ ಕಿವಿಯ ಹತ್ತಿರ ಬಾಗಿ ಕೇಳಿದಳು:

“ಬಂದದ್ದೇನೋ ಆತು. ಸಂಜಿಗೆ ವಾಪಸ್ ಹೋಗೂದು ಅಂತ ಒಂದಿತ್ತಲ, ಅದಕ್ಕೆಂತ ಮಾಡೂದು?”

“ನನಗೂ ಗೊತ್ತಿಲ್ಲ ದುರ್ಗಮ್ಮ. ಸಂಜೆ ಹೋಗಿ ನೋಡೋದು” ಎಂದೆ.

“ಹೌದನ” ಎಂದಳು. ಅವಳನ್ನು ಸಂತೆಯಲ್ಲಿಳಿಸಿ, ಸಂಜೆಯೊಳಗೆ ಇದನ್ನು ಬರೆದುಬಿಡೋಣವೆಂದು ಮನೆಗೆ ಬಂದೆ; ನೋಡಿಕೊಂಡರೆ ನನ್ನ ಭುಜದ ಮೇಲೆ ಅವಳ ಐದೂ ಬೆರಳು ಕೆಂಪಗೆ ಮೂಡಿವೆ.

ಇಂತು,
ಭೂಮಿಕಾ